ಟ್ಯೂಬ್ ಆಂಪ್ ಗುಂಯ್ ಅಂದರೆ ಎಲ್ಲಿ ಹುಡುಕಬೇಕು?

ಗಿಟಾರ್ ಸದ್ದನ್ನು ನಿರ್ವಾತ ಟ್ಯೂಬ್‌ಗಳಿಂದ ದೊಡ್ಡದು ಮಾಡುವ ಟ್ಯೂಬ್ ಆಂಪ್‌ನ ಸ್ವಿಚ್ ಹಾಕಿದ್ದೀರಿ. ಟ್ಯೂಬ್‌ಗಳು ಕಾದು ಕೆಂಪಗಾಗಿವೆ. ತಂತಿ ಮುಟ್ಟುವ ಮೊದಲೇ ಸ್ಪೀಕರ್‌ನಿಂದ ಗುಂಯ್ ಅನ್ನುವ ಸದ್ದು ಶುರುವಾಗಿದೆ. ನುಡಿಸುವಾಗ ಅದು ಮುಚ್ಚಿಹೋಗುತ್ತದೆ, ಕೈ ಬಿಟ್ಟ ಕೂಡಲೇ ಮತ್ತೆ ಕೇಳುತ್ತದೆ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮೊದಲು ಹೊಸ ಟ್ಯೂಬ್ ತರುತ್ತಾರೆ. ನಾನೂ ಹಾಗೆ ಮಾಡಿದವನೇ. ಇಡೀ ಸೆಟ್ ಬದಲಿಸಿದರೂ ಗುಂಯ್ ಹೋಗಲಿಲ್ಲ. ತೊಂದರೆ ಇದ್ದದ್ದು ಕೇಬಲ್‌ನಲ್ಲಿ, ಪ್ಲಗ್‌ನ ಒಳಗೆ ಬಿಟ್ಟುಹೋಗಿದ್ದ ಒಂದು ಬೆಸುಗೆಯಲ್ಲಿ. ಅಂದಿನಿಂದ ನಾನು ಬಿಡದೆ ಪಾಲಿಸುವ ಕ್ರಮ ಒಂದೇ: ಮೊದಲು ಕಿವಿ, ಆಮೇಲೆ ನಾಬ್, ಆಮೇಲೆ ಟ್ಯೂಬ್. ಸ್ಕ್ರೂಡ್ರೈವರ್ ಎಲ್ಲಕ್ಕಿಂತ ಕೊನೆಗೆ.

ಕೊನೆಗೆ ಅನ್ನುವುದಕ್ಕೆ ಕಾರಣವಿದೆ. ಟ್ಯೂಬ್ ಆಂಪ್‌ನೊಳಗೆ 400ರಿಂದ 500 ವೋಲ್ಟ್‌ವರೆಗೂ ಇರಬಹುದು. ಪ್ಲಗ್ ಕಿತ್ತ ಮೇಲೂ ಕೆಪ್ಯಾಸಿಟರ್‌ಗಳು ಅದನ್ನು ಹಿಡಿದಿಟ್ಟುಕೊಂಡಿರುತ್ತವೆ. ಅದು ಜೀವ ತೆಗೆಯುವಷ್ಟು ಕರೆಂಟು. ಈ ಲೇಖನದಲ್ಲಿ ನೀವು ಮಾಡಬೇಕಾದ ಯಾವ ಪರೀಕ್ಷೆಗೂ ಷಾಸಿ, ಅಂದರೆ ಸರ್ಕೀಟ್ ಇರುವ ಲೋಹದ ಪೆಟ್ಟಿಗೆ, ಬಿಚ್ಚಬೇಕಿಲ್ಲ. ಬಿಚ್ಚುವ ಕೆಲಸ ಬಂದರೆ ಅದು ತಿಳಿದವರ ಪಾಲಿಗಿರಲಿ.

ಇನ್ನೊಂದು ಮಾತು. ಸ್ಪೀಕರ್ ಸಿಕ್ಕಿಸದೆ ಟ್ಯೂಬ್ ಆಂಪ್ ಆನ್ ಮಾಡಬೇಡಿ. ಟ್ಯೂಬ್‌ಗಳಿಂದ ಸ್ಪೀಕರ್‌ಗೆ ಸದ್ದು ದಾಟಿಸುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು.

ಮೊದಲು ಸದ್ದಿನ ಶ್ರುತಿ ಹಿಡಿಯಿರಿ

ಗುಂಯ್ ಅನ್ನುವ ಸದ್ದಿಗೂ ಒಂದು ಶ್ರುತಿ ಇರುತ್ತದೆ. ಅದು ಎಷ್ಟೋ ಸಂಗತಿ ಹೇಳುತ್ತದೆ. ಕರೆಂಟು 50 ಹರ್ಟ್ಜ್ ಇರುವ ಕಡೆ ಬರುವ ಗುಂಯ್ ಎರಡು ಬಗೆ. ಒಂದು 50 ಹರ್ಟ್ಜ್, ಇನ್ನೊಂದು ಅದರ ಇಮ್ಮಡಿ, 100 ಹರ್ಟ್ಜ್. ಇವನ್ನು ಗುರುತಿಸಲು ಮೀಟರ್ ಬೇಡ, ಗಿಟಾರೇ ಸಾಕು. ಆರನೇ ತಂತಿಯ ಮೂರನೇ ಫ್ರೆಟ್ ಒತ್ತಿ ಮೀಟಿ. ಆ ಜಿ ಸ್ವರ 98 ಹರ್ಟ್ಜ್. ಆಂಪ್‌ನ ಗುಂಯ್ ಅದಕ್ಕೆ ಹೆಚ್ಚುಕಡಿಮೆ ಕೂಡಿಕೊಂಡರೆ ಅದು 100 ಹರ್ಟ್ಜ್. ಅದಕ್ಕಿಂತ ಒಂದು ಆಕ್ಟೇವ್ ಕೆಳಗೆ, ಮೆತ್ತಗೆ, ದುಂಡಗೆ ಕೇಳಿದರೆ 50. ಕರೆಂಟು 60 ಹರ್ಟ್ಜ್ ಇರುವ ದೇಶಗಳಲ್ಲಿ ಇಮ್ಮಡಿ 120 ಆಗುತ್ತದೆ. ಅದು ಐದನೇ ತಂತಿಯ ಒಂದನೇ ಮತ್ತು ಎರಡನೇ ಫ್ರೆಟ್‌ಗಳ ನಡುವಿನ ಸದ್ದು.

ಇದರಿಂದ ಏನು ಲಾಭ? ಕರೆಂಟನ್ನು ಎಸಿಯಿಂದ ಡಿಸಿಗೆ ತಿರುಗಿಸುವಾಗ ಅಲೆಯ ಎರಡೂ ಅರ್ಧಗಳು ಬಳಕೆಯಾಗುತ್ತವೆ. ಹಾಗಾಗಿ ಅಲ್ಲಿ ಉಳಿಯುವ ಏರಿಳಿತ 100 ಹರ್ಟ್ಜ್. ಅಂದರೆ 100 ಕೇಳಿದರೆ ಅನುಮಾನ ಪವರ್ ಸಪ್ಲೈ ಮೇಲೆ, ಆ ಏರಿಳಿತವನ್ನು ಸಮಮಾಡುವ ಫಿಲ್ಟರ್ ಕೆಪ್ಯಾಸಿಟರ್‌ಗಳ ಮೇಲೆ, ಸ್ಪೀಕರನ್ನು ನಡೆಸುವ ಆದರೆ ಒಂದಕ್ಕೊಂದು ಜೋಡಿ ಕೂಡದ ಪವರ್ ಟ್ಯೂಬ್‌ಗಳ ಮೇಲೆ. 50 ಕೇಳಿದರೆ ಅದು ಎಸಿಯಿಂದಲೇ ನೇರವಾಗಿ ಬಂದದ್ದು. ಗಿಟಾರ್, ಕೇಬಲ್, ಅರ್ತಿಂಗ್ ಅಥವಾ ಟ್ಯೂಬನ್ನು ಒಳಗಿಂದ ಕಾಯಿಸುವ ಹೀಟರ್ ನೋಡಬೇಕು. ಅರ್ತ್ ಕಡೆಯ ತೊಂದರೆ ಎಷ್ಟೋ ಸಲ ಜುಂಯ್ ಅಂತ ಒರಟಾಗಿಯೂ ಕೇಳುತ್ತದೆ. ಬರೀ ಸುಯ್ ಅನ್ನುವ ಸದ್ದು ಬೇರೆಯೇ ವಿಷಯ. ಅದಕ್ಕೆ ಇಲ್ಲಿ ಉತ್ತರವಿಲ್ಲ.

ಸ್ಟ್ಯಾಂಡ್‌ಬೈನಲ್ಲಿ (ಟ್ಯೂಬ್ ಕಾದಿದ್ದರೂ ಆಂಪ್ ನುಡಿಯದ ಸ್ಥಿತಿ) ಇಟ್ಟರೂ ಗುಂಯ್ ಬರುತ್ತಿದ್ದರೆ ಸ್ಪೀಕರ್‌ಗೆ ಕಿವಿ ಇಟ್ಟು ನೋಡಿ. ಅಲ್ಲಿ ಏನೂ ಕೇಳದೆ, ಪೆಟ್ಟಿಗೆ ಮಾತ್ರ ನಡುಗುತ್ತಿದ್ದರೆ ಅದು ಟ್ರಾನ್ಸ್‌ಫಾರ್ಮರಿನದೇ ನಡುಕ. ಸಡಿಲವಾದ ಬೋಲ್ಟ್ ಬಿಗಿಮಾಡಿಸಿದರೆ ಬಹಳ ಸಲ ಸರಿಹೋಗುತ್ತದೆ.

ಗಿಟಾರ್ ಕಿತ್ತು ನೋಡಿ

ಈಗ ಕೇಬಲನ್ನು ಆಂಪ್‌ನಿಂದಲೇ ಎಳೆದುಬಿಡಿ. ಗಿಟಾರ್ ಕಡೆ ಅಲ್ಲ, ಆಂಪ್ ಕಡೆ. ಹೆಚ್ಚಿನ ಆಂಪ್‌ಗಳಲ್ಲಿ ಜ್ಯಾಕ್ ಖಾಲಿ ಇದ್ದಾಗ ಇನ್‌ಪುಟ್ ತಾನಾಗಿ ಗ್ರೌಂಡಿಗೆ ಸೇರಿಕೊಳ್ಳುತ್ತದೆ. ಗುಂಯ್ ನಿಂತುಹೋಯಿತೇ? ಹಾಗಾದರೆ ಆಂಪ್ ಮೇಲೆ ತಪ್ಪು ಹೊರಿಸಬೇಡಿ.

ಬೇರೆ ಕೇಬಲ್ ಹಾಕಿ. ಪೆಡಲ್‌ಗಳನ್ನೆಲ್ಲ ಬಿಟ್ಟು ಗಿಟಾರನ್ನು ನೇರವಾಗಿ ಸಿಕ್ಕಿಸಿ. ಆಗ ಸದ್ದು ಹೋದರೆ ಪೆಡಲ್‌ಗಳನ್ನು ಒಂದೊಂದಾಗಿ ಬ್ಯಾಟರಿಯಲ್ಲಿ ಓಡಿಸಿ ನೋಡಿ, ಅಡಾಪ್ಟರ್‌ನದ್ದೇ ಕಿತಾಪತಿಯಾಗಿದ್ದರೆ ಆಗ ಸಿಕ್ಕಿಬೀಳುತ್ತದೆ. ನೇರವಾಗಿ ಹಾಕಿದರೂ ಸದ್ದು ಇದ್ದರೆ ಗಿಟಾರ್ ಹಿಡಿದು ನಿಂತಲ್ಲೇ ನಿಧಾನವಾಗಿ ಒಂದು ಸುತ್ತು ತಿರುಗಿ. ಒಂದು ದಿಕ್ಕಿಗೆ ಸದ್ದು ಜಾಸ್ತಿ, ಇನ್ನೊಂದಕ್ಕೆ ಕಡಿಮೆ ಆದರೆ ತಂತಿಯ ನಡುಕ ಹಿಡಿಯುವ ಪಿಕಪ್, ಸುತ್ತಲಿನ ಅಯಸ್ಕಾಂತ ಕ್ಷೇತ್ರವನ್ನೂ ಹಿಡಿಯುತ್ತಿದೆ ಎಂದರ್ಥ. ಒಂದೇ ಸುರುಳಿ ಇರುವ ಸಿಂಗಲ್ ಕಾಯಿಲ್ ಪಿಕಪ್‌ನ ಗುಣವೇ ಅದು. ಈ ಕಾಟ ತಪ್ಪಿಸಲೆಂದೇ 1955ರ ಹೊತ್ತಿಗೆ ಗಿಬ್ಸನ್ ಕಂಪನಿಯಲ್ಲಿ ಸೇತ್ ಲವರ್ ಹಂಬಕರ್ ಪಿಕಪ್ ರೂಪಿಸಿದರು. ಎದುರುಬದುರಾಗಿ ಜೋಡಿಸಿದ ಎರಡು ಸುರುಳಿಗಳಲ್ಲಿ ಗುಂಯ್ ಒಂದನ್ನೊಂದು ಹೊಡೆದುಹಾಕುತ್ತದೆ, ಸ್ವರ ಮಾತ್ರ ಉಳಿಯುತ್ತದೆ. ಸಿಂಗಲ್ ಕಾಯಿಲ್ ಇರುವವರು ಆಂಪ್‌ನಿಂದ ಒಂದೆರಡು ಹೆಜ್ಜೆ ದೂರ ನಿಂತರೂ ಸಾಕಷ್ಟು ಕಡಿಮೆಯಾಗುತ್ತದೆ.

ಆಂಪನ್ನು ಇನ್ನೊಂದು ಆಂಪ್‌ಗೋ ಕಂಪ್ಯೂಟರ್‌ಗೋ ಜೋಡಿಸಿದಾಗ ಮಾತ್ರ ಗುಂಯ್ ಬಂದರೆ ಅದು ಗ್ರೌಂಡ್ ಲೂಪ್. ಎರಡೂ ಕಡೆಯ ಅರ್ತ್ ಸೇರಿ ಒಂದು ಸುತ್ತು ಆಗಿರುತ್ತದೆ. ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ ನೋಡಿ. ಹೋಗದಿದ್ದರೆ ನಡುವೆ ಟ್ರಾನ್ಸ್‌ಫಾರ್ಮರ್ ಇರುವ ಐಸೊಲೇಟರ್ ಪೆಟ್ಟಿಗೆ ಇಡಿ. ಪ್ಲಗ್‌ನ ಅರ್ತ್ ಪಿನ್ ಕಿತ್ತುಹಾಕುವ ಸಲಹೆ ಯಾರೇ ಕೊಟ್ಟರೂ ಕೇಳಬೇಡಿ. ಗುಂಯ್ ಹೋಗಬಹುದು. ಆದರೆ ಒಳಗೆಲ್ಲೋ ಒಂದು ತಂತಿ ತಾಗಿದ ದಿನ ಷಾಸಿಗೆ ಬಂದ ಕರೆಂಟು ಗಿಟಾರ್ ತಂತಿಗೂ ಬರುತ್ತದೆ. ನಿಮ್ಮ ಕೈ ಇರುವುದು ಅಲ್ಲೇ ಅಲ್ವಾ?

ನಾಬ್ ತಿರುಗಿಸಿ, ಟ್ಯೂಬ್ ತೆಗೆಯಿರಿ

ಗಿಟಾರ್ ಇಲ್ಲದೆಯೂ ಸದ್ದು ಉಳಿದರೆ ಅದು ಆಂಪ್‌ನದ್ದೇ. ಈಗ ವಾಲ್ಯೂಮ್ ನಾಬ್ ಏರಿಸಿ ಇಳಿಸಿ. ಅದರೊಂದಿಗೆ ಗುಂಯ್ ಕೂಡ ಏರಿಳಿದರೆ ಸದ್ದು ಹುಟ್ಟುತ್ತಿರುವುದು ನಾಬ್‌ಗಿಂತ ಮುಂಚೆ, ಬಹುಮಟ್ಟಿಗೆ ಗಿಟಾರ್ ಸದ್ದನ್ನು ಮೊದಲು ಹಿಗ್ಗಿಸುವ ಸಣ್ಣ ಪ್ರೀಆಂಪ್ ಟ್ಯೂಬಿನ ಸುತ್ತ. ಬದಲಾಗದಿದ್ದರೆ ನಾಬ್ ಆದಮೇಲೆ. ಒಂದು ನಾಬ್ ತಿರುಗಿಸಿದ್ದಕ್ಕೆ ಹುಡುಕುವ ಜಾಗ ಅರ್ಧವಾಯಿತು. ಪ್ರತಿಧ್ವನಿ ಸೇರಿಸುವ ರಿವರ್ಬ್ ನಾಬ್ ಸೊನ್ನೆಗೆ ಇಟ್ಟಾಗ ಸದ್ದು ಹೋದರೆ ರಿವರ್ಬ್ ಡಬ್ಬಿಯ ಕೇಬಲ್ ನೋಡಿ, ಡಬ್ಬಿ ಪವರ್ ಟ್ರಾನ್ಸ್‌ಫಾರ್ಮರಿಗೆ ತೀರಾ ಹತ್ತಿರವಿದೆಯೇ ಎಂದೂ ನೋಡಿ.

ಮುಂದಿನದು ಟ್ಯೂಬ್ ತೆಗೆದು ನೋಡುವ ಪರೀಕ್ಷೆ. ಟ್ಯೂಬ್‌ಗಳು ಹಿಂಬದಿಯಿಂದ ಕೈಗೆ ಸಿಗುವಂತಿದ್ದರೆ ಮಾತ್ರ ಇದನ್ನು ಮಾಡಿ. ಆಂಪ್ ಆಫ್ ಮಾಡಿ, ಪ್ಲಗ್ ಕಿತ್ತು, ಟ್ಯೂಬ್ ಆರುವವರೆಗೆ ಕಾಯಿರಿ. ಬಟ್ಟೆಯಿಂದ ಹಿಡಿದು ಮೊದಲ ಸಣ್ಣ ಟ್ಯೂಬನ್ನು ನೆಟ್ಟಗೆ ಹೊರಕ್ಕೆ ಎಳೆಯಿರಿ. ಇನ್‌ಪುಟ್ ಜ್ಯಾಕ್‌ಗೆ ಹತ್ತಿರ ಇರುವುದು ಸಾಮಾನ್ಯವಾಗಿ ಅದೇ, ಹೆಚ್ಚಾಗಿ 12ಎಎಕ್ಸ್7 ಎಂಬ ಮಾದರಿಯದು. ಮತ್ತೆ ಆನ್ ಮಾಡಿ ಕೇಳಿ. ಸದ್ದು ಹೋಯಿತೇ? ಆ ಜಾಗಕ್ಕೆ ಚೆನ್ನಾಗಿರುವ ಇನ್ನೊಂದು 12ಎಎಕ್ಸ್7 ಹಾಕಿ. ಆಗಲೂ ಶಾಂತವಾಗಿದ್ದರೆ ಟ್ಯೂಬಿನದೇ ದೋಷ, ಅದರ ಹೀಟರ್‌ನಿಂದ ಎಲೆಕ್ಟ್ರಾನ್ ಹೊರಸೂಸುವ ಕ್ಯಾಥೋಡ್‌ಗೆ ಕರೆಂಟು ಸೋರುತ್ತಿರಬಹುದು. ಮೊದಲ ಟ್ಯೂಬ್ ತೆಗೆದರೂ ಸದ್ದು ಹೋಗದಿದ್ದರೆ ಹೀಗೇ ಒಂದೊಂದಾಗಿ ಮುಂದಕ್ಕೆ ಬನ್ನಿ. ಒಂದು ಟ್ಯೂಬ್ ತೆಗೆದರೆ ಉಳಿದವೂ ಆರಿಹೋಗುವ ಆಂಪ್‌ಗಳಿವೆ, ಅವುಗಳ ಹೀಟರ್‌ಗಳು ಸಾಲಾಗಿ ಜೋಡಣೆಯಾಗಿರುತ್ತವೆ. ಅಂಥವುಗಳಲ್ಲಿ ಈ ಉಪಾಯ ನಡೆಯುವುದಿಲ್ಲ.

ಸಣ್ಣ ಟ್ಯೂಬ್‌ಗಳಲ್ಲಿ ಕೊನೆಯದನ್ನು, ಅಂದರೆ ಪವರ್ ಟ್ಯೂಬ್‌ಗಳಿಗೆ ಸದ್ದು ಹಂಚುವ ಫೇಸ್ ಇನ್ವರ್ಟರನ್ನು, ತೆಗೆದ ಮೇಲೂ ಗುಂಯ್ ಉಳಿದರೆ ಅದು ಪವರ್ ಟ್ಯೂಬ್‌ಗಳದ್ದೋ ಪವರ್ ಸಪ್ಲೈಯದ್ದೋ. ಪುಷ್-ಪುಲ್ ಆಂಪ್‌ನಲ್ಲಿ, ಅಂದರೆ ಪವರ್ ಟ್ಯೂಬ್‌ಗಳು ಎದುರುಬದುರು ಜೋಡಿಯಾಗಿ ದುಡಿಯುವ ಆಂಪ್‌ನಲ್ಲಿ, ಎರಡು ಟ್ಯೂಬ್‌ಗಳ ಮೂಲಕ ಬರುವ ಏರಿಳಿತ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲಿ ಒಂದನ್ನೊಂದು ಅಳಿಸಿಬಿಡುತ್ತದೆ. ಒಂದು ಟ್ಯೂಬ್ ಸೊರಗಿದರೆ ಈ ಲೆಕ್ಕ ತಪ್ಪಿ 100 ಹರ್ಟ್ಜ್ ಹೊರಗೆ ಬರುತ್ತದೆ. ಜೋಡಿ ನೋಡಿ ಕೊಟ್ಟ ಟ್ಯೂಬ್ ಹಾಕಿಸಿ, ಬಯಸ್ (ಪವರ್ ಟ್ಯೂಬ್‌ಗಳಲ್ಲಿ ಹರಿಯುವ ಕರೆಂಟಿನ ಮಟ್ಟ) ಹೊಂದಿಸಬೇಕಾದ ಆಂಪ್ ಆಗಿದ್ದರೆ ಅದನ್ನೂ ಮಾಡಿಸಿ.

ಮೆಕ್ಯಾನಿಕ್‌ಗೆ ಏನು ಹೇಳಬೇಕು?

ಟ್ಯೂಬ್ ಸರಿ ಇದ್ದೂ 100 ಹರ್ಟ್ಜ್ ನಿಲ್ಲದಿದ್ದರೆ ಹೆಚ್ಚಾಗಿ ಫಿಲ್ಟರ್ ಕೆಪ್ಯಾಸಿಟರ್‌ಗಳು ಒಣಗಿವೆ. ಹತ್ತಿಪ್ಪತ್ತು ವರ್ಷ ಕಳೆದವು, ಬಳಸದೆ ಸುಮ್ನೆ ಕೂತವು ಹೀಗಾಗುವುದು ಸಹಜ. ಇದಕ್ಕೊಂದು ಒಳ್ಳೆಯ ಗುರುತಿದೆ: ಮೇಲಿನ ಫ್ರೆಟ್‌ಗಳಲ್ಲಿ ಜೋರಾಗಿ ನುಡಿಸಿದಾಗ ಅಸಲಿ ಸ್ವರದ ಹಿಂದೆ ಅಪಶ್ರುತಿಯ ಇನ್ನೊಂದು ಮಂದ ಸ್ವರ ನೆರಳಿನಂತೆ ಬರುತ್ತದೆ. ತಗ್ಗಿನ ಸ್ವರಗಳೂ ಸಡಿಲವಾಗುತ್ತವೆ. ಒಂದನ್ನೇ ಬದಲಿಸದೆ ಎಲ್ಲವನ್ನೂ ಒಟ್ಟಿಗೆ ಬದಲಿಸಲು ಹೇಳಿ, ಎಲ್ಲಕ್ಕೂ ವಯಸ್ಸು ಒಂದೇ ತಾನೆ. ಬಯಸ್ ಸರ್ಕೀಟಿನ ಸಣ್ಣ ಕೆಪ್ಯಾಸಿಟರ್ ಎಷ್ಟೋ ಸಲ ಮರೆತುಹೋಗುತ್ತದೆ, ಅದನ್ನೂ ನೆನಪಿಸಿ.

50 ಹರ್ಟ್ಜ್ ಆಗಿದ್ದರೆ ಹೀಟರ್ ಕಡೆ ಬೆರಳು ತೋರಿಸಿ. ಹೀಟರ್‌ಗೆ ಹೋಗುವ 6.3 ವೋಲ್ಟ್ ಎಸಿಯನ್ನು ಗ್ರೌಂಡಿನ ಎರಡೂ ಬದಿಗೆ ಸಮವಾಗಿ ಹಂಚಲು ಅನೇಕ ಆಂಪ್‌ಗಳಲ್ಲಿ 100 ಓಮ್‌ನ ಎರಡು ರೆಸಿಸ್ಟರ್ ಇರುತ್ತವೆ. ಪವರ್ ಟ್ಯೂಬ್ ಶಾರ್ಟ್ ಆದಾಗ ಇವು ಸುಟ್ಟುಹೋಗುತ್ತವೆ. ಹೊಸ ಟ್ಯೂಬ್ ಹಾಕಿದ ಮೇಲೆ ಆಂಪ್ ಎಂದಿನಂತೆ ನುಡಿಯುತ್ತದೆ, ಗುಂಯ್ ಮಾತ್ರ ಹೊಸದಾಗಿ ಸೇರಿಕೊಂಡಿರುತ್ತದೆ. ಹೀಗಾಗಿದ್ದರೆ ಟ್ಯೂಬ್ ಯಾವಾಗ ಕೆಟ್ಟಿತು, ಗುಂಯ್ ಯಾವಾಗ ಶುರುವಾಯಿತು ಎಂಬುದನ್ನು ಮೆಕ್ಯಾನಿಕ್‌ಗೆ ಹೇಳಿ. ಜ್ಯಾಕ್‌ನ ನಟ್ ಸಡಿಲವಾಗಿ ಗ್ರೌಂಡ್ ತಪ್ಪಿರುವುದೂ ಉಂಟು.

ಒಂದೇ ಪವರ್ ಟ್ಯೂಬ್ ಇರುವ ಸಣ್ಣ ಆಂಪ್‌ಗಳಲ್ಲಿ ಏರಿಳಿತವನ್ನು ಅಳಿಸಲು ಎದುರು ಜೋಡಿಯೇ ಇರುವುದಿಲ್ಲ. ಅವು ಹೊಸದಿದ್ದಾಗಲೂ ತುಸು ಗುಂಯ್ ಅನ್ನುತ್ತವೆ. ಕೂತು ನುಡಿಸುವಷ್ಟು ದೂರದಿಂದ ಕೇಳಿ. ಅಲ್ಲಿಗೆ ಸದ್ದು ಮುಟ್ಟದಿದ್ದರೆ ಆ ಆಂಪ್‌ಗೆ ರಿಪೇರಿ ಬೇಕಿಲ್ಲ.