ದತ್ತು ಹೋಗೋ ಮಗುವನ್ನ ಕಳಿಸಿಕೊಡೋದು ಹೇಗೆ? ಮಕ್ಕಳ ಮನೇಲಿ ಕೆಲ್ಸ ಮಾಡೋರಿಗೆ

ಮಂಗಳೂರು ಕಡೆ ಕ್ರೈಸ್ತ ಸಿಸ್ಟರ್‌ಗಳು ನಡೆಸೋ ಒಂದು ಮಕ್ಕಳ ಮನೇಲಿ ನಾನು ಹನ್ನೆರಡು ವರ್ಷದಿಂದ ಇದ್ದೇನೆ. ಹೊಸದಾಗಿ ಸೇರಿದ ಹುಡುಗೀರು ಎಲ್ರೂ ಕೇಳೋದು ಒಂದೇ, ಅಕ್ಕಾ ಮಗು ಹೋಗೋ ದಿನ ಏನ್ ಮಾಡ್ಬೇಕು ಅಂತ. ಅದಕ್ಕೇ ಬರೀತಿದ್ದೇನೆ.

ಮೊದ್ಲನೇದು, ಮಗುವಿಗೆ ಸುಳ್ಳು ಹೇಳಿ ಕಳಿಸ್ಬೇಡಿ. ನಾನು ಸೇರಿದ ಹೊಸತರಲ್ಲಿ ಮೂರು ವರ್ಷದ ಒಬ್ಳನ್ನ "ಐಸ್‌ಕ್ರೀಂ ತಿನ್ಲಿಕ್ಕೆ ಹೋಗುವ ಬಾ" ಅಂತ ಕಾರಲ್ಲಿ ಕೂರಿಸಿ ಕಳಿಸಿದ್ವಿ, ಅಳಬಾರ್ದು ಅಂತ ಒಳ್ಳೆ ಮನಸ್ಸಲ್ಲೇ ಮಾಡಿದ್ದು. ಆಮೇಲೆ ಅವಳ ಅಮ್ಮ ಫೋನ್ ಮಾಡಿ ಹೇಳಿದ್ರು, ಕಾರು ಕಂಡ್ರೆ ಸಾಕು ಗೇಟ್ ಹಿಡ್ಕೊಂಡು ಕಿರುಚ್ತಾಳೆ ಅಂತ. ಅವಳಿಗೆ ನಾವು ಕಲಿಸಿದ್ದು ಅಷ್ಟೇ, ಕಾರು ಹತ್ತಿದ್ರೆ ಇದ್ದವ್ರೆಲ್ಲ ಮಾಯ ಆಗ್ತಾರೆ ಅಂತ. ಇವತ್ತಿಗೂ ನನಗೆ ಅದು ನೆನಪಾದ್ರೆ ಹೊಟ್ಟೆ ಉರೀತದೆ.

ಯಾವಾಗ ಹೇಳೋದು ಅನ್ನೋದೂ ಮುಖ್ಯ. ಕಾರಾ ಅಂದ್ರೆ ದತ್ತು ವಿಷಯ ನೋಡ್ಕೊಳ್ಳೋ ಕೇಂದ್ರ ಸರ್ಕಾರದ ಸಂಸ್ಥೆ, ಅದರ ಪೋರ್ಟಲ್‌ನಲ್ಲಿ ಮಗುವಿನ ಫೋಟೋ ನೋಡಿದ ದಂಪತಿ 48 ಗಂಟೆ ಒಳಗೆ ಈ ಮಗು ನಮಗೆ ಅಂತ ರಿಸರ್ವ್ ಮಾಡ್ಬೇಕು, ಆದ್ರೆ ಅಷ್ಟಕ್ಕೇ ಮಗು ಹತ್ರ ಹೇಳ್ಬೇಡಿ, ಅವ್ರು ಬಂದು ನೋಡಿ, ದತ್ತು ಕಮಿಟಿ ಕೂತು ಎಲ್ಲಾ ಗಟ್ಟಿ ಆಗೋ ತನಕ ಬಾಯಿ ಕಟ್ಕೊಂಡಿರಿ, ಯಾಕಂದ್ರೆ ಬರ್ತಾರೆ ಅಂದವ್ರು ಬಾರದೇ ಹೋದ್ರೆ ಮಗುವಿಗೆ ಉತ್ತರ ಕೊಡೋರು ನಾವೇ. ಐದು ವರ್ಷ ತುಂಬಿದ ಮಗು ಆದ್ರೆ ಅದರ ಒಪ್ಪಿಗೆಯೂ ಬೇಕು, ಅದು ಬರೀ ಪೇಪರ್ ಕೆಲ್ಸ ಅಂತ ಮಾಡ್ಬೇಡಿ, ನಿಜವಾಗ್ಲೂ ಕೇಳಿ. ಮತ್ತೆ "ಒಳ್ಳೆ ಹುಡುಗಿ ಆದ್ರೆ ಮಾತ್ರ ಕರ್ಕೊಂಡು ಹೋಗ್ತಾರೆ" ಅನ್ನೋ ಮಾತು ಯಾರ ಬಾಯಲ್ಲೂ ಬರಬಾರ್ದು.

ಗಟ್ಟಿ ಆದ್ಮೇಲೆ ಅಪ್ಪ ಅಮ್ಮನ ಫೋಟೋ ಮಂಚದ ಹತ್ರ ಅಂಟಿಸಿ, ಸಾಧ್ಯ ಆದ್ರೆ ದಿನಾ ಐದು ನಿಮಿಷ ವಿಡಿಯೋ ಕಾಲ್ ಮಾಡಿಸಿ, ಕ್ಯಾಲೆಂಡರ್‌ನಲ್ಲಿ ದಿನ ದಾಟಿದ ಹಾಗೆ ಗೆರೆ ಹಾಕ್ಲಿಕ್ಕೆ ಮಗುವಿನ ಕೈಗೇ ಪೆನ್ಸಿಲ್ ಕೊಡಿ.

ಈಗ ಮಗುವಿನ ಜೊತೆ ಕಳಿಸೋ ಚೀಲ. ಫೋಟೋ, ಮಗುವಿನ ಇಲ್ಲಿಯ ಕತೆ, ಇಷ್ಟದ ಸಂಗತಿ ಎಲ್ಲ ಇರೋ ನೆನಪಿನ ಆಲ್ಬಮ್ ಕೊಡ್ಬೇಕು ಅಂತ ನಿಯಮದಲ್ಲೇ ಉಂಟು, ಹೆತ್ತವರ ವಿವರ ಮಾತ್ರ ಅದ್ರಲ್ಲಿ ಬರಬಾರ್ದು. ಕೊನೇ ದಿನ ಗಡಿಬಿಡೀಲಿ ಹತ್ತು ಫೋಟೋ ಅಂಟಿಸಿ ಮುಗಿಸ್ಬೇಡಿ, ಮಗು ಬಂದ ವಾರದಿಂದಲೇ ಶುರು ಮಾಡಿ, ಮೊದ್ಲು ಹಲ್ಲು ಬಂದಿದ್ದು ಯಾವಾಗ, ಜ್ವರ ಬಂದಾಗ ಯಾರ ಹೆಗಲ ಮೇಲೆ ಮಲಗ್ತಿತ್ತು, ಇದನ್ನ ನಾವು ಬರೀದಿದ್ರೆ ಲೋಕದಲ್ಲಿ ಬೇರೆ ಯಾರಿಗೂ ಗೊತ್ತಿಲ್ಲ. ಅದು ಹೊದ್ದು ಮಲಗೋ ಬಟ್ಟೆಯನ್ನ ತೊಳೀದೇ ಹಾಕಿ, ಹೊಸ ಮನೇಲಿ ಗುರುತಿನ ವಾಸನೆ ಅದೊಂದೇ ಇರ್ತದೆ.

ಇನ್ನೊಂದು ಚೀಟಿ ಬರೀರಿ, ಮಗುವಿನ ಮಾತಿನ ಪಟ್ಟಿ. ನಮ್ಮಲ್ಲಿ ಸಿಸ್ಟರ್ ಕೊಂಕಣಿ, ಆಯಾ ತುಳು, ನಾನು ಕನ್ನಡ, ಮಗುವಿನ ಬಾಯಲ್ಲಿ ಮೂರೂ ಕಲಸಿರ್ತದೆ. ಪುಣೆಗೆ ಹೋದ ಒಬ್ಬ ರಾತ್ರಿಯಿಡೀ "ಪೇರ್, ಪೇರ್" ಅಂತ ಅತ್ತಿದ್ದಾನೆ, ತುಳುವಲ್ಲಿ ಅದು ಹಾಲು, ಮರಾಠಿಯವ್ರ ಕಿವಿಗೆ ಅದು ಸೀಬೆಹಣ್ಣು. ಪಾಪ ಆ ಅಪ್ಪ ರಾತ್ರಿ ಹನ್ನೊಂದಕ್ಕೆ ಹಣ್ಣು ಹುಡುಕ್ಕೊಂಡು ಹೋದ್ರಂತೆ. ಅವತ್ತಿಂದ ಪಟ್ಟಿ ಇಲ್ಲದೆ ನಾವು ಯಾರನ್ನೂ ಕಳಿಸಿಲ್ಲ.

ಪ್ರಾರ್ಥನೆ ಬಗ್ಗೆ. ಚಾಪೆಲ್‌ನಲ್ಲಿ ಎಲ್ರೂ ಸೇರಿ ಮಗುವಿನ ತಲೆ ಮೇಲೆ ಕೈ ಇಟ್ಟು ಹರಸೋದು ನಮ್ಮ ಪದ್ಧತಿ, ನನಗೆ ಅದು ಬಹಳ ಪ್ರೀತಿ. ಆದ್ರೆ ಕರ್ಕೊಂಡು ಹೋಗೋರು ಹಿಂದೂ ಇರ್ಬಹುದು, ಮುಸ್ಲಿಂ ಇರ್ಬಹುದು, ಮೊದ್ಲೇ ಕೇಳಿ, ಚಿಕ್ಕದಾಗಿ ಮುಗಿಸಿ. ಕೊಂತ, ಅಂದ್ರೆ ಜಪಮಾಲೆ, ಕೊಡೋದಿದ್ರೂ ಕೇಳಿಯೇ ಕೊಡಿ. ಕೇಳದೆ ಕೊರಳಿಗೆ ಹಾಕೋದು ಆಶೀರ್ವಾದ ಅಲ್ಲ.

ಹೋಗೋ ದಿನ ಬೆಳಿಗ್ಗೆ ತಿಂಡಿ ಆದ್ಮೇಲೆ ಕಳಿಸಿ, ಸಂಜೆ ಬೇಡ. ಕೊನೇ ತುತ್ತು ಹೊಸ ಅಮ್ಮ ತಿನ್ನಿಸ್ಲಿ, ನೀವು ಪಕ್ಕ ನೆಲದ ಮೇಲೆ ಕೂತಿರಿ. ಮಗುವನ್ನ ನಿಮ್ಮ ಕೈಯಿಂದ ಅವರ ಕೈಗೆ ನೀವೇ ಕೊಡಿ, ಅವರು ಕಿತ್ಕೊಂಡ ಹಾಗೆ ಆಗ್ಬಾರ್ದು. "ಇವ್ರು ನಿನ್ನ ಅಮ್ಮ, ನಾನು ಇಲ್ಲೇ ಇರ್ತೇನೆ, ನೀನು ಅಮ್ಮನ ಜೊತೆ ಹೋಗ್ತೀ" ಅಂತ ಕಣ್ಣು ನೋಡಿ ಹೇಳಿ. ಅಳು ಬಂದ್ರೆ ಅಳಿ, ಆದ್ರೆ ಬಿಗಿಯಾಗಿ ಅಪ್ಪಿಕೊಂಡು ಬಿಡದೆ ಅಳ್ಬೇಡಿ, ಮಗು ಹೆದರ್ತದೆ. ಸ್ಟೇಟಸ್‌ಗೆ ಫೋಟೋ ಹಾಕ್ಲೇಬೇಡಿ, ಬಾಲನ್ಯಾಯ ಕಾಯ್ದೆ ಸೆಕ್ಷನ್ 74ರಲ್ಲಿ ಆರು ತಿಂಗಳ ತನಕ ಜೈಲು ಅಥವಾ 2 ಲಕ್ಷದ ತನಕ ದಂಡ, ಎರಡೂ ಆಗ್ಬಹುದು.

ಇನ್ನು ಉಳಿದ ಮಕ್ಕಳು. ಎಲ್ರೂ ಮರೆಯೋದು ಇವರನ್ನೇ. ಕೇಕ್ ಕಟ್ ಮಾಡಿ ಚಪ್ಪಾಳೆ ತಟ್ಟಿಸ್ತೇವೆ, ಕಾರು ಹೋದ್ಮೇಲೆ ಗೇಟ್ ಹತ್ರ ನಿಂತವ್ರ ಮುಖ ನೋಡಿ ಒಮ್ಮೆ. ಕಾಲಿಗೆ ತೊಂದರೆ ಇದ್ದ ನಮ್ಮ ಒಬ್ಬ ಹುಡುಗ, ಅಷ್ಟು ಮಕ್ಕಳನ್ನ ಕಳಿಸಿ ಕಳಿಸಿ, ಕೊನೆಗೆ ಕೇಕೇ ಮುಟ್ತಿರ್ಲಿಲ್ಲ. "ನನ್ನ ಅಮ್ಮ ಯಾವಾಗ ಬರೋದು" ಅಂತ ಕೇಳಿದ್ರೆ ಬರ್ತಾರೆ ಅಂತ ಮಾತು ಕೊಡ್ಬೇಡಿ, "ನನಗೆ ಗೊತ್ತಿಲ್ಲ ಪುಟ್ಟ, ನಾನು ಇದ್ದೇನೆ" ಅಂತ ಹೇಳಿ ಪಕ್ಕದಲ್ಲಿ ಕೂತ್ಕೊಳ್ಳಿ. ಹೋದ ಮಗುವಿನ ಮಂಚಕ್ಕೆ ಅವತ್ತೇ ಬೇರೆ ಮಗುವನ್ನ ಹಾಕ್ಬೇಡಿ, ಅದರ ಹೆಸರು ಊಟದ ಹೊತ್ತಲ್ಲಿ ಹೇಳ್ತಾ ಇರಿ.

ಆಮೇಲೆ ನೀವಾಗಿ ಫೋನ್ ಮಾಡ್ಬೇಡಿ. ಆರು ತಿಂಗ್ಳಿಗೊಮ್ಮೆ, ಎರಡು ವರ್ಷ ತನಕ ಸೋಶಿಯಲ್ ವರ್ಕರ್ ನೋಡಿ ವರದಿ ಮಾಡ್ತಾರೆ, ಅವ್ರ ಹತ್ರ ಕೇಳಿ. ಡಿಸಿ ಕೊಡೋ ದತ್ತು ಆರ್ಡರ್ ಬರೋ ಮೊದ್ಲೇ ಮಗು ಪೋಷಣೆಗೆ ಅಂತ ಆ ಮನೆಗೆ ಹೋಗಿರ್ತದೆ, ಅಪರೂಪಕ್ಕೆ ಹೊಂದಿಕೆ ಆಗದೆ ವಾಪಸ್ ಬರೋದೂ ಉಂಟು, ಆದ್ದರಿಂದ ತಮಾಷೆಗೂ "ಇನ್ನು ಈ ಕಡೆ ಬರ್ಬೇಡ" ಅನ್ಬೇಡಿ.

ಮೇಲ್ವಿಚಾರಣೆ ಮಾಡೋ ಸಿಸ್ಟರ್‌ಗಳಿಗೆ ಒಂದು ಕೋರಿಕೆ, ಆ ಮಗುವನ್ನ ಎದೆಗೆ ಹಾಕ್ಕೊಂಡು ಬೆಳೆಸಿದ ಆಯಾಗೆ ಅವತ್ತು ನೈಟ್ ಡ್ಯೂಟಿ ಹಾಕ್ಬೇಡಿ, ಮರುದಿನವೇ ಹೊಸ ಕೂಸನ್ನ ಕೈಗೆ ಕೊಡ್ಬೇಡಿ, ಒಂದು ವಾರ ಬಿಡಿ.