ನಮ್ಮ ಲೇಔಟಿನ ಚರಂಡಿ, ಗೌಂಡಿಯ ಟೇಪು ಮತ್ತು ನಾನು ಒಡೆಸಿದ ರ‍್ಯಾಂಪು

ನಾನು ಬಳ್ಳಾರಿಯಲ್ಲಿ ಜೀನ್ಸ್ ಕಟಿಂಗ್ ಮಾಸ್ಟರ್. ಮೇಜಿನ ಮೇಲೆ ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಚಾಕ್‌ಪೀಸಿನಲ್ಲಿ ಗುರುತು ಹಾಕಿ, ಮಷಿನ್ ಓಡಿಸುವುದು ನನ್ನ ಕೆಲಸ. ಗುರುತು ಅರ್ಧ ಇಂಚು ತಪ್ಪಿದರೆ ಹಾಳಾಗುವುದು ಒಂದು ಪ್ಯಾಂಟಲ್ಲ, ನೂರು ಪ್ಯಾಂಟು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ದಿನಾ ಕೈಯಲ್ಲಿ ಟೇಪು ಹಿಡಿಯುವ ನಾನೇ ನಮ್ಮ ಏರಿಯಾದ ವಿಷಯದಲ್ಲಿ ಎರಡು ವರ್ಷ ಒಂದು ಅಳತೆಯನ್ನೂ ತೆಗೆಯದೆ ಸುಮ್ನೆ ಅರ್ಜಿ ಬರೆದುಕೊಂಡು ಕೂತಿದ್ದೆ.

ನಮ್ಮ ಮನೆ ಇರುವುದು ಸಿರುಗುಪ್ಪ ರಸ್ತೆ ಕಡೆ, ಊರು ಮುಗಿದು ಎರೆ ಹೊಲ ಶುರುವಾಗುವ ಜಾಗದಲ್ಲಿ. 30–40ರ ಸೈಟು, ಬ್ಯಾಂಕ್ ಸಾಲ, ಮುಂದೆ ಒಂದು ಬೇವಿನ ಗಿಡ. ಬಳ್ಳಾರಿಯಲ್ಲಿ ಮಳೆ ಎಲ್ಲಿ ಬರುತ್ತದೆ, ಚರಂಡಿ ಯಾಕೆ ಬೇಕು ಅಂತ ಎಲ್ಲರೂ ನಗುತ್ತಾರೆ. ವರ್ಷಕ್ಕೆ ಬರುವುದು ಕಡಿಮೆಯೇ, ಒಪ್ಪಿದೆ. ಆದರೆ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಬಂದರೆ ಒಂದೇ ರಾತ್ರಿ ಸುರಿದು ಹೋಗುತ್ತದೆ. ಎರೆ ಮಣ್ಣು ಮೊದಲು ಬಿರುಕಿನಲ್ಲಿ ಗಟಗಟ ಕುಡಿಯುತ್ತದೆ, ಆಮೇಲೆ ಉಬ್ಬಿ ಬಾಯಿ ಮುಚ್ಚಿಕೊಂಡಿತೋ, ಒಂದು ಹನಿ ಒಳಗೆ ಬಿಡುವುದಿಲ್ಲ. ಅಂಥ ಒಂದು ರಾತ್ರಿ ಮೂರು ಓಣಿಯ ಮನೆಗಳಿಗೆ ನೀರು ನುಗ್ಗಿತು. ನಮ್ಮ ಸಂಪಿನೊಳಗೆ ಚರಂಡಿ ನೀರು ಸೇರಿ, ವಾರಗಟ್ಟಲೆ ಕಾದು ತುಂಬಿಸಿಕೊಂಡಿದ್ದ ಕುಡಿಯುವ ನೀರು ಅಷ್ಟೂ ಹೋಯಿತು.

ಮಾರನೇ ದಿನ ಎಲ್ಲರೂ ಸೇರಿ ಅರ್ಜಿ ಬರೆದೆವು. ನಲವತ್ತು ಸಹಿ. ಚರಂಡಿ ಬೇಕು, ಸಿಸಿ ರಸ್ತೆ ಬೇಕು, ಬೀದಿದೀಪ ಬೇಕು, ಪಾರ್ಕು ಬೇಕು, ನಾಯಿ ಕಾಟ ತಪ್ಪಿಸಿ, ನೀರು ಬೇಗ ಬಿಡಿ. ಒಂದೇ ಹಾಳೆಯಲ್ಲಿ ಆರು ಬೇಡಿಕೆ! ಕೊಟ್ಟು ಸೀಲ್ ಹಾಕಿಸಿಕೊಂಡು ಬಂದೆವು. ಏನೂ ಆಗಲಿಲ್ಲ. ಇನ್ನೊಂದು ಕೊಟ್ಟೆವು. ಅದೂ ಅಷ್ಟೆ. ಆಗ ಕಚೇರಿಗೆ ಬೈದೆವು. ಈಗ ನೆನೆಸಿಕೊಂಡರೆ, ಆರು ಟೇಬಲ್ಲಿಗೆ ಹೋಗಬೇಕಾದ ಆರು ವಿಷಯವನ್ನು ಒಂದೇ ಹಾಳೆಯಲ್ಲಿ ಹಾಕಿದರೆ ಆ ಹಾಳೆ ಯಾವ ಟೇಬಲ್ಲಿನದೂ ಅಲ್ಲ. ನಮ್ಮದೂ ತಪ್ಪಿತ್ತು.

ದಾರಿ ತೋರಿಸಿದವರು ಮೂಲೆಮನೆ ಮೇಷ್ಟ್ರು. ರಿಟೈರ್ ಆದವರು, ಪೇಪರಿನ ಟೆಂಡರ್ ನೋಟಿಸನ್ನೂ ಬಿಡದೆ ಓದುವವರು. ಒಂದು ದಿನ ಮಿರ್ಚಿ ಒಗ್ಗರಣೆ ತಿನ್ನುತ್ತಾ ಕೇಳಿದರು: "ಅಲ್ಲಪ್ಪಾ, ಈ ಲೇಔಟು ಹಸ್ತಾಂತರ ಆಗೈತೋ ಇಲ್ಲೋ?" ಯಾರಿಗೂ ಗೊತ್ತಿರಲಿಲ್ಲ. ಖಾಸಗಿ ಲೇಔಟುಗಳಲ್ಲಿ ಮೊದಲ ಪ್ರಶ್ನೆಯೇ ಅದು. ರಸ್ತೆ, ಚರಂಡಿ, ಪಾರ್ಕನ್ನು ಲೇಔಟ್ ಮಾಡಿದವರು ಪೂರ್ತಿ ಮಾಡಿ ಸ್ಥಳೀಯ ಸಂಸ್ಥೆಗೆ ಒಪ್ಪಿಸಬೇಕು. ಒಪ್ಪಿಸುವ ತನಕ ಅಲ್ಲಿ ಸಾರ್ವಜನಿಕ ದುಡ್ಡು ಹಾಕುವುದು ಕಷ್ಟ, ಕೇಳಬೇಕಾದದ್ದು ಅವರನ್ನೇ. ಒಪ್ಪಿಸಿದ ಮೇಲೆ ದಾರಿ ಬೇರೆ. ಇದು ತಿಳಿಯದೆ ಯಾರ ಬಾಗಿಲು ತಟ್ಟುತ್ತಿದ್ದೇವೆ ಅನ್ನುವುದೇ ನಮಗೆ ಗೊತ್ತಿರಲಿಲ್ಲ.

ಮಾಹಿತಿ ಹಕ್ಕಿನಲ್ಲಿ ಎರಡು ಅರ್ಜಿ ಹಾಕಿದೆವು. ಒಂದು ಹಸ್ತಾಂತರದ ಪತ್ರಕ್ಕೆ, ಇನ್ನೊಂದು ಅನುಮೋದಿತ ವಿನ್ಯಾಸ ನಕ್ಷೆಗೆ. ಬೇರೆ ಬೇರೆ ಯಾಕೆ ಅಂದರೆ ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. 10 ರೂಪಾಯಿಯ ಪೋಸ್ಟಲ್ ಆರ್ಡರ್, 30 ದಿನದ ಗಡುವು, ನಕಲಿಗೆ ಪುಟಕ್ಕೆ 2 ರೂಪಾಯಿ, ದೊಡ್ಡ ನಕ್ಷೆಗೆ ಬೇರೆ ದರ. ಅರ್ಜಿಯಲ್ಲಿ "ಯಾಕೆ ಮಾಡಿಲ್ಲ" ಅಂತ ಕೇಳಬೇಡಿ, ಅದಕ್ಕೆ ಉತ್ತರ ಬರುವುದಿಲ್ಲ. ಇಂಥ ಕಾಗದದ ನಕಲು ಕೊಡಿ ಅಂತ ಕೇಳಿ. ಲೇಔಟು ಹಸ್ತಾಂತರ ಆಗಿತ್ತು, ಕಾಗದದಲ್ಲಿ. ನಕ್ಷೆಯೂ ಬಂತು, ಅರ್ಧ ಮಸುಕು, ಆದರೂ ಓದಬಹುದಿತ್ತು.

ನಕ್ಷೆ ನೋಡಿದ ಕೂಡಲೇ ನನಗೆ ಖುಷಿಯಾಯಿತು. ಕತ್ತರಿಸುವ ಮುಂಚೆ ಬಟ್ಟೆಯ ಮೇಲೆ ಹಾಸುವ ನಮ್ಮ ಮಾರ್ಕರ್ ಹಾಳೆಯ ಹಾಗೇ ಇತ್ತು. ಎಲ್ಲಿ ಪಾಕೆಟ್, ಎಲ್ಲಿ ಬೆಲ್ಟ್ ಅನ್ನುವಂತೆ ಎಲ್ಲಿ ಸೈಟು, ಎಲ್ಲಿ ರಸ್ತೆ, ಎಲ್ಲಿ ಪಾರ್ಕು, ಎಲ್ಲಿ ಸಿಎ ಸೈಟು, ಅಂದರೆ ನಾಗರಿಕ ಸೌಲಭ್ಯಕ್ಕೆ ಬಿಟ್ಟ ಜಾಗ. ಮೂಲೆಯಲ್ಲಿ ಒಂದು ಪಟ್ಟಿ ಇರುತ್ತದೆ, ಮೊದಲು ಅದನ್ನು ನೋಡಿ: ಒಟ್ಟು ಜಾಗ ಎಷ್ಟು, ಅದರಲ್ಲಿ ಪಾರ್ಕಿಗೆ ಎಷ್ಟು, ನಾಗರಿಕ ಸೌಲಭ್ಯಕ್ಕೆ ಎಷ್ಟು. ಈ ಶೇಕಡಾ ಲೆಕ್ಕ ಕಾಲಕಾಲಕ್ಕೆ ಬದಲಾಗಿದೆ, ಆದ್ದರಿಂದ ಪಕ್ಕದ ಲೇಔಟಿನ ಲೆಕ್ಕ ನಿಮ್ಮದಕ್ಕೆ ಹಾಕಬೇಡಿ. ನಮ್ಮಲ್ಲಿ ಎರಡು ಪಾರ್ಕು ಇತ್ತು. ಒಂದರಲ್ಲಿ ಜಾಲಿ ಬೆಳೆದಿತ್ತು. ಇನ್ನೊಂದರಲ್ಲಿ ಯಾರೋ ತಗಡಿನ ಶೆಡ್ ಹಾಕಿ ಸೆಂಟ್ರಿಂಗ್ ಸಾಮಾನು ಇಟ್ಟಿದ್ದರು. ನಾವೆಲ್ಲ ಅದು ಯಾರದೋ ಸೈಟು ಅಂದುಕೊಂಡಿದ್ದೆವು.

ಒಂದು ಭಾನುವಾರ ಬೆಳಿಗ್ಗೆ ಆರಕ್ಕೆ ಅಳತೆಗೆ ಇಳಿದೆವು. ಒಂಬತ್ತಾದರೆ ಬಳ್ಳಾರಿ ಬಿಸಿಲಿನಲ್ಲಿ ನಕ್ಷೆ ಹಿಡಿದು ನಿಲ್ಲುವವರು ಯಾರು? ನಮ್ಮ ಮನೆ ಕಟ್ಟಿದ ಗೌಂಡಿಯ ಹತ್ತಿರ 30 ಮೀಟರಿನ ಟೇಪು ಇಸಕೊಂಡು ಬಂದಿದ್ದೆ. ನಕ್ಷೆಯಲ್ಲಿ ನಮ್ಮ ಮುಂದಿನ ರಸ್ತೆ 12 ಮೀಟರ್. ಟೇಪು 10 ಮೀಟರ್ ಚಿಲ್ಲರೆಗೆ ನಿಂತಿತು. ಮತ್ತೆ ಹಿಡಿದೆವು, ಅಷ್ಟೇ. "ನುಂಗಿಬಿಟ್ಟಾರೆ ನೋಡ್ರಿ" ಅಂತ ಒಬ್ಬರು ಕೂಗಿದರು. ಸುಮಾರು ಎರಡು ಮೀಟರ್ ಎಲ್ಲಿ ಹೋಯಿತು ಅಂತ ಮೇಷ್ಟ್ರು ಹುಡುಕುತ್ತಾ ಹುಡುಕುತ್ತಾ ಬಂದು ನಿಂತದ್ದು ನನ್ನ ಗೇಟಿನ ಮುಂದೆ. ಬೈಕ್ ಹತ್ತಿಸಲು ನಾನು ಹಾಕಿಸಿದ್ದ ಸಿಮೆಂಟ್ ರ‍್ಯಾಂಪು ನಾಲ್ಕು ಅಡಿ ಹೊರಗೆ ಬಂದಿತ್ತು. ಅದರ ಕೆಳಗೇ ನಕ್ಷೆಯ ಪ್ರಕಾರ ಚರಂಡಿ ಇರಬೇಕಿತ್ತು. ಎದುರು ಮನೆಯವರದ್ದು ಮೂರು ಮೆಟ್ಟಿಲು, ಅದರ ಪಕ್ಕದವರದ್ದು ತುಳಸಿಕಟ್ಟೆ ಸಮೇತ ಕೈತೋಟ. ಯಾರೂ ಮಾತಾಡಲಿಲ್ಲ. ಟೇಪು ಸುತ್ತುವ ಸದ್ದು ಮಾತ್ರ.

ಮುಂದಿನ ವಾರ ನನ್ನ ರ‍್ಯಾಂಪನ್ನು ನಾನೇ ಒಡೆಸಿದೆ. ನನ್ನ ಹೆಂಡತಿ ಎರಡು ದಿನ ಸರಿಯಾಗಿ ಮಾತಾಡಲಿಲ್ಲ, "ಊರಿನವರೆಲ್ಲ ಬಿಟ್ಟು ನಮ್ಮದೇ ಮೊದಲು ಒಡೀಬೇಕಿತ್ತಾ" ಅಂತ. ಒಡೆಯದಿದ್ದರೆ ಉಳಿದವರನ್ನು ಕೇಳುವ ಬಾಯಿ ನನಗೆ ಎಲ್ಲಿರುತ್ತಿತ್ತು? ಆರು ಮನೆಯವರು ತಾವೇ ತೆಗೆದರು. ತುಳಸಿಕಟ್ಟೆ ಇನ್ನೂ ಅಲ್ಲೇ ಇದೆ, ಅದರ ತಂಟೆಗೆ ನಾನು ಹೋಗುವುದಿಲ್ಲ.

ಈ ನಡುವೆ ಲೇಔಟಿನ ನಿವಾಸಿಗಳ ಸಂಘ ಅಂತ ನೋಂದಣಿ ಮಾಡಿಸಿದೆವು. 1960ರ ಸಂಘಗಳ ನೋಂದಣಿ ಕಾಯ್ದೆ, ಕನಿಷ್ಠ ಏಳು ಜನ ಸಾಕು, ಅದರಲ್ಲಿ ಹೇಳುವಂಥದ್ದೇನೂ ಇಲ್ಲ. ಪಾಲಿಕೆ ಇರುವ ಊರುಗಳಲ್ಲಿ ವಾರ್ಡ್ ಸಮಿತಿ ಅಂತ ಕಾನೂನಿನಲ್ಲೇ ಇದೆ. ಕನಿಷ್ಠ ಹತ್ತು ಸದಸ್ಯರಲ್ಲಿ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ–ಪಂಗಡದವರು, ಇಬ್ಬರು ನಿವಾಸಿ ಸಂಘದವರು ಇರಬೇಕು. ಸಂಘ ಇದ್ದರೆ ಅಲ್ಲಿ ಹೆಸರು ಕೊಡಬಹುದು.

ನಿಜವಾಗಿ ಕೆಲಸಕ್ಕೆ ಬಂದದ್ದು ಬಜೆಟ್ ಪೂರ್ವಭಾವಿ ಸಭೆ. ನಗರ ಸ್ಥಳೀಯ ಸಂಸ್ಥೆಗಳು ಬಜೆಟ್ ಮಾಡುವ ಮುಂಚೆ ಜನರನ್ನು ಕರೆದು ಕೇಳಬೇಕು, ಸಾಮಾನ್ಯವಾಗಿ ಬೇಸಿಗೆ ಶುರುವಾಗುವ ಮೊದಲೇ ಆ ಸಭೆ ಆಗಿಹೋಗುತ್ತದೆ. ನಮ್ಮಂಥವರು ಹೋಗುವುದೇ ಇಲ್ಲ. ಮಳೆ ಬಂದಾಗ ಕೂಗುತ್ತೇವೆ. ಅಷ್ಟು ಹೊತ್ತಿಗೆ ಆ ವರ್ಷದ ಕ್ರಿಯಾ ಯೋಜನೆ ಮುಗಿದು, ಯಾವ ಓಣಿಗೆ ಎಷ್ಟು ಅಂತ ಬರೆದಾಗಿರುತ್ತದೆ. ಬಟ್ಟೆ ಕತ್ತರಿಸಿದ ಮೇಲೆ ಅಳತೆ ಕೊಟ್ಟ ಹಾಗೆ. ನಾವು ಈ ಸಲ ಆರು ಬೇಡಿಕೆ ಒಯ್ಯಲಿಲ್ಲ, ಒಂದೇ. ನಕ್ಷೆಯ ಒಂದು ಹಾಳೆ, ಅದರ ಮೇಲೆ ಕೆಂಪು ಪೆನ್ನಿನಲ್ಲಿ ಚರಂಡಿ ಗೆರೆ, ನಾಲ್ಕು ಫೋಟೋ. ಎರಡು ನಿಮಿಷದಲ್ಲಿ ಹೇಳಿ ಕೂತೆವು. ಸಿಸಿ ರಸ್ತೆ ಕೇಳಲೇಬೇಕು ಅಂತ ನಮ್ಮೊಳಗೇ ದೊಡ್ಡ ಜಗಳ ಆಗಿತ್ತು, ಯಾಕೆಂದರೆ ರಸ್ತೆ ಕಣ್ಣಿಗೆ ಕಾಣುತ್ತದೆ, ಚರಂಡಿ ಕಾಣುವುದಿಲ್ಲ. ಆದರೆ ಎರೆ ಮಣ್ಣನ್ನು ತೆಗೆದು ಗರಸು ತುಂಬಿ ದಮ್ಮಸು ಮಾಡದೆ, ಚರಂಡಿ–ಪೈಪು ಮುಗಿಸದೆ ಮೇಲೆ ಕಾಂಕ್ರೀಟ್ ಹಾಕಿದರೆ ಎರಡೇ ಮಳೆಗಾಲಕ್ಕೆ ಹಪ್ಪಳದ ಹಾಗೆ ಒಡೆಯುತ್ತದೆ. ಪಕ್ಕದ ಓಣಿಯಲ್ಲಿ ನೋಡಿದ್ದೆವು.

ಸ್ಥಳ ಪರಿಶೀಲನೆಗೆ ಒಬ್ಬ ಇಂಜಿನಿಯರ್ ಬಂದರು. ಚಿಕ್ಕ ವಯಸ್ಸಿನ ಮೇಡಂ. ನಮ್ಮ ಕೆಂಪು ಗೆರೆ ನೋಡಿ ಏನೂ ಹೇಳದೆ, ಮೂರು ಕಾಲಿನ ಮೇಲೆ ಲೆವೆಲ್ ಯಂತ್ರ ನಿಲ್ಲಿಸಿ ಒಂದು ಗಂಟೆ ನೋಡಿದರು. ಆಮೇಲೆ, "ನೀವು ಗೆರೆ ಎಳೆದ ಕಡೆ ನೆಲ ಒಂದೂವರೆ ಅಡಿ ಎತ್ತರ ಇದೆ, ನೀರು ಏರಿ ಹೋಗಬೇಕಲ್ಲ ಸಾರ್" ಅಂದರು. ನನಗೆ ನಾಚಿಕೆಯಾಯಿತು. ಅಗಲ ಅಳೆದಿದ್ದೆವು, ಉದ್ದ ಅಳೆದಿದ್ದೆವು, ಎತ್ತರ ಯಾರೂ ನೋಡಿರಲಿಲ್ಲ.

ಹಾಗಾದರೆ ನೀರು ಹೋಗುವುದು ಎಲ್ಲಿಗೆ? ಮೇಷ್ಟ್ರ ಮಗ ಫೋನಿನಲ್ಲಿ ದಿಶಾಂಕ್ ಅನ್ನುವ ಸರ್ಕಾರದ ಭೂ ನಕ್ಷೆಯ ಆ್ಯಪ್ ತೆರೆದು ಸರ್ವೆ ನಂಬರ್ ತೋರಿಸಿದ, ಗ್ರಾಮ ನಕ್ಷೆಯನ್ನೂ ತೆಗೆದ. ನಕ್ಷೆಯಲ್ಲಿ ನಮ್ಮ ಲೇಔಟಿನ ಹಿಂದೆ ಒಂದು ಸಣ್ಣ ಹಳ್ಳ. ಈಗ ಅದು ಇದೆ ಅನ್ನುವುದೇ ಗೊತ್ತಾಗುವುದಿಲ್ಲ. ಅದರ ದಂಡೆಯ ಮೇಲೆ ಕೂಲಿಯವರ ಇಪ್ಪತ್ತು ಮನೆ. ಅವರಲ್ಲಿ ಮೂರ್ನಾಲ್ಕು ಜನ ನಮ್ಮ ಯೂನಿಟ್ಟಿಗೇ ಬಟನ್ ಹಾಕಲು ಬರುತ್ತಾರೆ. ನಮ್ಮ ಸಂಘದ ಒಂದು ಸಭೆಗೂ ಅವರನ್ನು ಕರೆದಿರಲಿಲ್ಲ. ಸೈಟಿನ ಮಾಲೀಕರಿಗೆ ಮಾತ್ರ ಅಂತ ನಾವೇ ಸಂಘದ ನಿಯಮದಲ್ಲಿ, ಅಂದರೆ ಬೈಲಾದಲ್ಲಿ, ಬರೆದುಕೊಂಡಿದ್ದೆವು.

ಮೇಡಂ ಜೊತೆ ಅಲ್ಲಿಗೆ ಇಳಿದೆವು. ಒಬ್ಬ ಅಕ್ಕ ಒಳಗೆ ಕರೆದು ಗೋಡೆ ತೋರಿಸಿದರು. ನೆಲದಿಂದ ಎರಡು ಗೇಣಿನ ಮೇಲೆ ಮಣ್ಣಿನ ಗೆರೆ, ಅದರ ಕೆಳಗೆ ಸುಣ್ಣ ಉದುರಿ ಹೋಗಿತ್ತು. "ನಿಮ್ಮ ಓಣಿಗೆ ನೀರು ಬಂದಿದ್ದು ಒಂದ್ ಸಲ ಅಣ್ಣ. ನಿಮ್ಮ ನೀರು ನಮ್ಮ ಒಲಿಗೆ ಪ್ರತಿ ಸಲ ಬರ್ತೈತೆ" ಅಂದರು. ನಾವು ಕೇಳಿದ ಹಾಗೇ ಚರಂಡಿ ಆಗಿದ್ದರೆ, ಇಳಿಜಾರು ಸರಿ ಮಾಡಿದ್ದರೂ, ಮೂರು ಓಣಿಯ ನೀರು ನೇರವಾಗಿ ಆ ಗೋಡೆಗೆ ಹೋಗುತ್ತಿತ್ತು. ದಾರಿಯ ಕೆಳಗೆ ಅಡ್ಡ ಹಾಕಿದ್ದ ಪೈಪು ಎಲ್ಲಿ ಮಣ್ಣಲ್ಲಿ ಹೂತಿದೆ ಅಂತ ತೋರಿಸಿದವರೂ ಅವರೇ. ಅಗೆದು ನೋಡಿದರೆ ಒಂದಡಿಯ ಹ್ಯೂಮ್ ಪೈಪು (ಸಿಮೆಂಟ್ ಪೈಪು), ಮುಕ್ಕಾಲು ತುಂಬಿಕೊಂಡಿತ್ತು. ಮೇಡಂ ಎರಡಡಿಯದ್ದು ಬೇಕು ಅಂತ ಬರೆದುಕೊಂಡರು. ಚರಂಡಿಯನ್ನು ಆ ಮನೆಗಳ ಹಿಂದಿನಿಂದ ತಿರುಗಿಸಿ ಹಳ್ಳಕ್ಕೆ ಬಿಡುವ ಹಾಗೆ ಅಂದಾಜು ಪಟ್ಟಿ ಬದಲಾಯಿತು. ಮೊದಲಿಗಿಂತ ಉದ್ದ ಜಾಸ್ತಿ, ಖರ್ಚು ಜಾಸ್ತಿ. ಅದಕ್ಕೇ ಎರಡು ಭಾಗ ಮಾಡಿದರು. ಮೊದಲ ವರ್ಷ ಕೆಳಗಿನದು, ಆಮೇಲೆ ನಮ್ಮದು. ನಮ್ಮವರಲ್ಲಿ ಕೆಲವರಿಗೆ ಇದು ಇವತ್ತಿಗೂ ಹಿಡಿಸಿಲ್ಲ, ಓಡಾಡಿದವರು ನಾವು, ಮೊದಲು ಆಗಿದ್ದು ಅವರಿಗೆ ಅಂತ. ನೀರು ಮೇಲಿನಿಂದ ಕೆಳಗೆ ಹೋಗುತ್ತದೆ, ಚರಂಡಿ ಕೆಳಗಿನಿಂದ ಮೇಲಕ್ಕೆ ಕಟ್ಟಿಕೊಂಡು ಬರಬೇಕು ಅಂತ ಎಷ್ಟು ಸಲ ಹೇಳಿದರೂ ತಲೆಗೆ ಹೋಗುವುದಿಲ್ಲ.

ಇನ್ನೊಂದು ಮಾತು, ಪೇಪರ್ ಓದುವ ಒಬ್ಬರನ್ನು ಇಟ್ಟುಕೊಳ್ಳಿ. ಊರು ಮುಂದೆ ಹೇಗೆ ಬೆಳೆಯಬೇಕು ಅನ್ನುವ ಮಹಾಯೋಜನೆಯ (ಮಾಸ್ಟರ್ ಪ್ಲಾನ್) ಕರಡು ಪ್ರಕಟವಾದರೆ ಆಕ್ಷೇಪಣೆ, ಸಲಹೆಗೆ 60 ದಿನ ಇರುತ್ತದೆ. ಹೊಲವೊಂದರ ಭೂ ಉಪಯೋಗ ಬದಲಿಸುವಾಗಲೂ ಪ್ರಕಟಣೆ ಕೊಡಬೇಕು, ಕೊನೆಯ ದಿನ ಅದರಲ್ಲೇ ಅಚ್ಚಾಗಿರುತ್ತದೆ. ನಮ್ಮ ಹಿಂದಿನ ಹೊಲದ್ದು ಬಂದಾಗ ಮೇಷ್ಟ್ರು ಮಗಳ ಬಾಣಂತನಕ್ಕೆ ಅಂತ ಹೊಸಪೇಟೆಗೆ ಹೋಗಿದ್ದರು. ಬೇರೆ ಯಾರೂ ನೋಡಲಿಲ್ಲ. ಅಲ್ಲಿ ಈಗ ಗೋಡೌನು ಏಳುತ್ತಿದೆ.

ಪಾರ್ಕಿನ ಶೆಡ್ ಹೋಗಿಲ್ಲ. 1985ರಿಂದ ಉದ್ಯಾನ, ಬಯಲು ಜಾಗ ಉಳಿಸುವ ಕಾಯ್ದೆಯೇ ಇದೆ, ಅದರ ಮೇಲೆ ಈಗ ಒಂದೇ ವಿಷಯದ ಅರ್ಜಿ ಕೊಟ್ಟಿದ್ದೇವೆ. ಬೈಲಾ ತಿದ್ದಿ ಬಾಡಿಗೆಯವರು, ಕೆಳಗಿನ ಓಣಿಯವರು ಎಲ್ಲರೂ ಸದಸ್ಯರಾಗುವ ಹಾಗೆ ಮಾಡಿದ್ದೇವೆ. ಗೋಡೆ ತೋರಿಸಿದ ಅಕ್ಕ ಬರುವ ಭಾನುವಾರ ಪಾರ್ಕು ಅಳೆಯಲು ಬರುತ್ತೇನೆ ಅಂದಿದ್ದಾರೆ. ಟೇಪು ಇನ್ನೂ ನನ್ನ ಕಟಿಂಗ್ ಮೇಜಿನ ಪಕ್ಕದ ಮೊಳೆಯಲ್ಲೇ ತೂಗುತ್ತಿದೆ. ಗೌಂಡಿ ಸಿಕ್ಕಾಗಲೆಲ್ಲ ವಾಪಸ್ ಕೇಳುತ್ತಾನೆ, ನಾನು ಇನ್ನೊಂದು ವಾರ ಅನ್ನುತ್ತೇನೆ.