ಬಿಸಿಯಾದರೆ ಮಂಕಾಗುತ್ತಿದ್ದ ಲೇಸರ್: ನನ್ನ ಅನುಭವ

ಮಂಡಿನೋವಿಗೆ ಮನೆಯಲ್ಲೇ ಬಳಸುವಂಥ, ಕೈಯಲ್ಲಿ ಹಿಡಿಯುವ ಲೇಸರ್ ಸಾಧನದ ಮಾದರಿ ಮಾಡುತ್ತಿದ್ದೆವು. ಬೆಳಕು ಕೊಡುವುದು ಒಂದು ಲೇಸರ್ ಡಯೋಡ್, ಅಂದರೆ ಕರೆಂಟನ್ನು ಲೇಸರ್ ಬೆಳಕಾಗಿಸುವ ಪುಟ್ಟ ಬಿಡಿಭಾಗ; ಬೆಳಕಿನ ತರಂಗಾಂತರ 808 ನ್ಯಾನೋಮೀಟರ್, ಶಕ್ತಿ 200 ಮಿಲಿವ್ಯಾಟ್. ಆನ್ ಮಾಡಿದ ಕೂಡಲೇ ಬೆಳಕಿನ ಶಕ್ತಿ ಅಳೆಯುವ ಪವರ್ ಮೀಟರ್ ಸರಿಯಾಗೇ ತೋರಿಸುತ್ತಿತ್ತು. ಸ್ವಲ್ಪ ಹೊತ್ತಾದರೆ ಅಂಕಿ ಇಳಿಯುತ್ತಾ ಹೋಗುತ್ತಿತ್ತು. ಈ ಬೆಳಕು ಕಣ್ಣಿಗೆ ಕಾಣುವುದೇ ಇಲ್ಲ ಅನ್ನಬಹುದು, ಮೀಟರ್ ಇಲ್ಲದಿದ್ದರೆ ಗೊತ್ತೇ ಆಗುತ್ತಿರಲಿಲ್ಲ.

ಎಲ್ಲರೂ ಮೊದಲು ಬೈದದ್ದು ಬ್ಯಾಟರಿಯನ್ನು. ಪಾಪ, ಅದರದ್ದೇನೂ ತಪ್ಪಿಲ್ಲ. ಡಯೋಡಿಗೆ ಹೋಗುವ ಕರೆಂಟ್ ಅಳೆದರೆ ಚೂರೂ ಅಲುಗಿರಲಿಲ್ಲ. ಪ್ಲಾಸ್ಟಿಕ್ ಕವಚದೊಳಗೆ ಡಯೋಡ್ ಬಿಸಿಯಾಗುತ್ತಿತ್ತು, ಅಷ್ಟೇ. ಲೇಸರ್ ಡಯೋಡ್ ಬಿಸಿಯಾದಷ್ಟೂ ಬೆಳಕು ಶುರುವಾಗುವುದಕ್ಕೇ ಜಾಸ್ತಿ ಕರೆಂಟ್ ಬೇಕು. ಮೊದಲಿನಷ್ಟೇ ಕೊಟ್ಟರೆ ಬೆಳಕು ಕಡಿಮೆಯಾಗಲೇಬೇಕು ಅಲ್ವಾ?

ಸುಮ್ನೆ ಕರೆಂಟ್ ಏರಿಸಿದರೆ ಇನ್ನಷ್ಟು ಬಿಸಿ. ಅದಕ್ಕೇ ಬಿಸಿ ಹೊರಗೆ ಹರಿದುಹೋಗಲಿ ಅಂತ ಡಯೋಡನ್ನು ಹಿತ್ತಾಳೆ ಕೊಳವೆಯಲ್ಲಿ ಕೂರಿಸಿ, ಶಾಖ ದಾಟಿಸುವ ಥರ್ಮಲ್ ಪೇಸ್ಟ್ ಹಚ್ಚಿ, ಅಲ್ಯೂಮಿನಿಯಂ ಹಿಡಿಗೆ ಜೋಡಿಸಿದೆ. ಜೊತೆಗೆ ಒಂದು ಫೋಟೊಡಯೋಡ್ (ಬೆಳಕನ್ನು ಗುರುತಿಸುವ ಸಂವೇದಕ) ಬೆಳಕನ್ನು ನೋಡುತ್ತಾ ಕರೆಂಟ್ ತಿದ್ದುವ ಹಾಗೆ ಮಾಡಿ, ಆ ಕರೆಂಟಿಗೊಂದು ಮೇಲಿನ ಮಿತಿ ಇಟ್ಟೆ. ಈಗ ಅಂಕಿ ನಿಲ್ಲುತ್ತದೆ.

ಇದು 3ಬಿ ವರ್ಗದ ಲೇಸರ್, ಕಣ್ಣಿಗೆ ಅಪಾಯ. ಚರ್ಮಕ್ಕೆ ತಾಗಿದಾಗ ಮಾತ್ರ ಆನ್ ಆಗುವ ಸ್ವಿಚ್ ಇನ್ನೂ ಬಾಕಿ ಇದೆ. ಅಲ್ಲಿವರೆಗೂ 808ಕ್ಕೆ ಹೊಂದುವ ಕನ್ನಡಕ ಹಾಕದೆ ಯಾರೂ ಮೇಜಿನ ಹತ್ತಿರ ಬರುವಂತಿಲ್ಲ.